ನಾಲ್ಕು ತಕ್ಕಡಿ

ಕಾಫಿ ಕ್ಯೂರಿಂಗಿನ ಹಿಂದೆ, ಹೊಟ್ಟಿನ ರಾಶಿಗೆ ಆನಿಕೊಂಡು
ಹದಿನಾರು ವರ್ಷ ನಿಂತಿತ್ತು ಆ ಕಾಂಟೆಸ್ಸಾ.
ಡಿಕ್ಕಿಯಲ್ಲಿ ಕೋಳಿ ಕಾವಿಗೆ ಕೂತಿತ್ತು.
ಮರಿಯಾಗಲಿ, ಆಮೇಲೆ ನೋಡೋಣ ಎಂದರು ಬೊಳ್ಳಮ್ಮ;
ಇಪ್ಪತ್ತೊಂದು ದಿನ ತಡವಾಗಿ ಶುರುವಾಯಿತು ಕೆಲಸ.

"ಓಡೋ ಹಾಗೆ ಯಾರಾದರೂ ಮಾಡ್ತಾರೆ ಹಂಸಾ,
ಇದಕ್ಕೆ ತಿರುಗೋದು ಕಲಿಸು."

ಕಲಿಸಬೇಕಾದರೆ ಮೊದಲು ಬಿಚ್ಚಬೇಕು.
ನೆಲದ ತಗಡು ಬೆರಳಿಟ್ಟರೆ ಹಪ್ಪಳ.
ಸ್ಟೇರಿಂಗಿನಲ್ಲಿ ನಾಲ್ಕು ಬೆರಳು ಆಟ:
ನಾವು ಹೇಳಿದ್ದು ಚಕ್ರಕ್ಕೆ ಕೇಳಿಸುವಷ್ಟರಲ್ಲಿ
ತಿರುವು ಮುಗಿದು ಕಂದಕ ಶುರು.

ಇರಿಟ್ಟಿಯ ಗುಜರಿಯಿಂದ ಟರ್ಬೋ ಇಂಜಿನ್ ತಂದೆ.
ಮೂಗು ಹಗುರವಾಗಲೆಂದು ನಾಲ್ಕಿಂಚು ಹಿಂದಕ್ಕೆ ಕೂರಿಸಿದೆ.
ಡ್ರಮ್ಮು ಕಿತ್ತು ಡಿಸ್ಕು ಹಾಕಿದೆ.
ಸವೇರ ರಾತ್ರಿಯೆಲ್ಲ ವೆಲ್ಡಿಂಗ್ ಮಾಡಿ
ಬೆಳಿಗ್ಗೆ ಕಣ್ಣಿಗೆ ಸೌತೆಕಾಯಿ ಇಟ್ಟುಕೊಂಡು ಮಲಗಿದ.
ಗೋಣಿಕೊಪ್ಪದ ಹುಡುಗರು ಬಂದು ಸದ್ದು ಕೇಳಿದರು,
ವೇಗ ಕೇಳಿದರು, ಎಷ್ಟು ಕುದುರೆ ಕೇಳಿದರು.
ನಿಲ್ಲುತ್ತದಾ ಎಂದು ಒಬ್ಬನೂ ಕೇಳಲಿಲ್ಲ.

ಕೊನೆಗೆ ಉಳಿದದ್ದು ತೂಕ.
ನಾಲ್ಕು ಕಾಲಿಗೂ ಭಾರ ಸರಿಯಾಗಿ ಹಂಚದೆ ಹೋದರೆ
ಹೊಸ ಇಂಜಿನ್ನೂ ಒಂದೇ, ಹುಚ್ಚು ಹೋರಿಯೂ ಒಂದೇ.
ಅದಕ್ಕೆ ಬೇಕು ನಾಲ್ಕು ತಕ್ಕಡಿ.
"ಇಲ್ಲೇ ಇವೆಯಲ್ಲ," ಎಂದರು ಬೊಳ್ಳಮ್ಮ.

ಚೀಲ ತೂಗುವ ಕಬ್ಬಿಣದ ಕಟ್ಟೆಗಳನ್ನು ಎಳೆದು ತಂದೆವು.
ಒಂದೊಂದರ ಮೇಲೆ ಒಂದೊಂದು ಚಕ್ರ.
ಸೆರಗು ಸಿಕ್ಕಿಸಿ ಬೊಳ್ಳಮ್ಮ ಸೀಟಿನಲ್ಲಿ ಕೂತರು,
ಅವರ ತೂಕವೂ ಕಾರಿನದೇ ಲೆಕ್ಕ.

ಬಲ ಮುಂಗಾಲು ಹಗುರ.
ಕೂತವರು ಬಲಕ್ಕೆ, ಭಾರ ಎಡಕ್ಕೆ ಹೇಗೆ?
ಸ್ಪ್ರಿಂಗಿನ ನಟ್ಟು ತಿರುಗಿಸಿದೆ. ಮತ್ತೆ ತಿರುಗಿಸಿದೆ.
ಮೂರನೆಯ ಸಲ ನಟ್ಟು ಬಿಟ್ಟು
ಬಲದ ತಕ್ಕಡಿಯನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ಹಾಕಿದೆ.
ಈಗ ಎಡಗಾಲು ಹಗುರ.

ಕಾರು ಸುಳ್ಳು ಹೇಳುತ್ತಿರಲಿಲ್ಲ.

ಐವತ್ತರ ಬಟ್ಟಿಟ್ಟು ನೋಡಿದೆ: ನಲವತ್ತೊಂಬತ್ತು.
ಇನ್ನೊಮ್ಮೆ ಇಟ್ಟೆ: ನಲವತ್ತೊಂಬತ್ತು.
ಚೀಲಕ್ಕೆ ಒಂದು ಕಿಲೋ.
ಸವೇರ ಏನೋ ಹೇಳಲು ಬಾಯಿ ತೆರೆದ,
ಅವನ ಕಾಲು ತುಳಿದೆ.

ಬೊಳ್ಳಮ್ಮ ಇಳಿದು ಬಂದರು.
ಕಟ್ಟೆಯ ಪಕ್ಕ ಕೂತು ತಗಡಿನ ಮೇಲಿನ ಧೂಳು ಒರೆಸಿ
ಇಸವಿ ಓದಿದರು: ಎಂಬತ್ತಾರು.
ಕಾರಿನ ಬಾನೆಟ್ಟಿನೊಳಗೂ ಅದೇ ಇಸವಿ ಕೊರೆದಿತ್ತು;
ಮಸಿ ಒರೆಸಿದವನು ನಾನೇ.

ನನ್ನ ಉಮ್ಮ ಒಂದೆಕರೆಯ ಕಾಫಿಯನ್ನು
ಇದೇ ಕಟ್ಟೆಯ ಮೇಲೆ ಇಳಿಸುತ್ತಿದ್ದಳು,
ತಲೆಯ ಸಿಂಬಿ ಬಿಚ್ಚಿ ಬೆವರು ಒರೆಸಿ
ಮುಳ್ಳು ನಿಲ್ಲುವ ತನಕ ಉಸಿರು ಹಿಡಿದು.
ಅದನ್ನು ನಾನು ಹೇಳಲಿಲ್ಲ.
ಒಂದು ಸ್ಪ್ಯಾನರ್ ತೊಳೆದೆ, ತೊಳೆದದ್ದನ್ನೇ ತೊಳೆದೆ.

ಆ ತಕ್ಕಡಿಯನ್ನು ಅವರು ಒಡೆಸಲಿಲ್ಲ, ಮಾರಲಿಲ್ಲ.
ಮೂರರಲ್ಲೇ ಕಾಲು ಬದಲಿಸಿ ಬದಲಿಸಿ
ಎರಡು ದಿನ ಹಿಡಿದು ಕಾರನ್ನು ಸಮ ಮಾಡಿದೆವು.
"ಹಿಂದೆ ಇನ್ನೂ ಸ್ವಲ್ಪ ಭಾರ ಬೇಕು ಅಮ್ಮಾ," ಎಂದೆ.
ಆಫೀಸಿನಿಂದ ಹಳೆಯ ಲೆಕ್ಕದ ಪುಸ್ತಕಗಳನ್ನು ಹೊತ್ತು ತಂದರು,
ಕೆಂಪು ಬಟ್ಟೆಯ ರಟ್ಟು, ಹುಳ ತಿಂದ ಅಂಚು,
ಕೋಳಿ ಕಾವು ಕೂತಿದ್ದ ಜಾಗದಲ್ಲಿ ಜೋಡಿಸಿದರು.
"ಸಾಕಾ?"
"ಸಾಕು."

ಮಾಕುಟ್ಟದ ಘಾಟಿಗೆ ಹೋಗಿ ನೋಡುವುದು ಅಂತ ಮಾತಾಗಿತ್ತು.
ಗೋಣಿಕೊಪ್ಪ ದಾಟುತ್ತಲೇ ಒಂದು ಒರಟು ತಿರುವು;
ಅವರು ನೋಡಿದ ಕಡೆಗೆ ಅದು ನೋಡಿತು,
ಹೇಳುವ ಮೊದಲೇ ಹೂಂಗುಟ್ಟುವ ಹಳೆಯ ಸ್ನೇಹಿತೆಯ ಹಾಗೆ.
ನನಗೆ ಕೂಗಬೇಕೆನಿಸಿತು.
ಬೊಳ್ಳಮ್ಮ ನಗಲಿಲ್ಲ, ಗೇರು ಇಳಿಸಿದರು.

ಬಿಟ್ಟಂಗಾಲದಲ್ಲಿ ಬ್ರೇಕು.
ಘಾಟಿ ಇನ್ನೂ ದೂರವಿತ್ತು.
ರಸ್ತೆಗಿಂತ ತಗ್ಗಿನಲ್ಲಿ ಒಂದು ಮನೆ, ಅಂಗಳದಲ್ಲಿ ಹರವಿದ ಕಾಫಿ,
ಒಣಗಿದ್ದನ್ನು ಕಾಲಿನಿಂದ ಸರಿಸುತ್ತಿದ್ದ ಮುದುಕ ತಲೆಯೆತ್ತಿದ.
ಡಿಕ್ಕಿ ತೆರೆದ ಸದ್ದು.
ಒಂದು ಪುಸ್ತಕ ಕಂಕುಳಲ್ಲಿಟ್ಟು
ಚಪ್ಪಲಿ ಅಲ್ಲೇ ಬಿಟ್ಟು ಇಳಿದು ಹೋದರು.

ನಾನು ಒಳಗೇ ಕೂತೆ.
ಇಂಜಿನ್ ಸಣ್ಣಗೆ ಉರಿಯುತ್ತಿತ್ತು.
ಒಂದು ಪುಸ್ತಕದಷ್ಟು
ಹಿಂಭಾಗ ಮೇಲೆದ್ದದ್ದು
ಬೆನ್ನಿಗೆ ತಿಳಿಯಿತು.